ಮಗನ ಪರವಾಗಿ ಹೇಳಿದ ಐದು ಪದ

ಶ್ವೀಬರ್ಡಿಂಗೆನ್
8 ಮೇ 2022

ಚಿ. ಚೇತನಕುಮಾರನಿಗೆ ಅಪ್ಪನ ಆಶೀರ್ವಾದ.

ವಾಟ್ಸ್ಯಾಪಿನಲ್ಲಿ ನಾನು ಎಷ್ಟುದ್ದ ಬರೆದರೂ ನೀನು ಒಂದು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀ. ಅದಕ್ಕೇ ಈ ಕಾಗದ. ನೀನು ಹ್ಯಾಂಬರ್ಗಿಗೆ ಹೊರಟಾಗ ಅವ್ವ ಹಾಕಿದ ಷರತ್ತು ಮರೆತಿಲ್ಲ ತಾನೇ? ಅಪ್ಪ ಕಾಗದ ಬರೆದರೆ ಮಗ ಕನ್ನಡದಲ್ಲೇ ಉತ್ತರ ಬರೆಯಬೇಕು. ಒಂಬತ್ತು ವರ್ಷದವನಿದ್ದಾಗ ಗದಗ ಬಿಟ್ಟು ಬಂದವನ ಕನ್ನಡ ಈ ಹದಿಮೂರು ವರ್ಷದಲ್ಲಿ ಎಷ್ಟು ಸವೆದಿದೆ ಎಂದು ನೋಡುವ ಆಸೆ ನನಗೂ ಇದೆ.

ನಿನ್ನೆಯ ಪಂದ್ಯವನ್ನು ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ನೋಡಿದೆವು. ಮೂರು ಸಲ ಚೆಂಡನ್ನು ಎದೆಗೆ ಅವಚಿಕೊಂಡು ಗೆರೆ ದಾಟಿದೆ. ಮೊದಲ ಸಲ ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯ ಸಲ ಬೆರಳ ಸಂದಿಯಿಂದ ನೋಡಿದಳು. ಮೂರನೆಯ ಸಲ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು, ತಾನೇ ಮೈದಾನಕ್ಕೆ ಇಳಿಯುವವಳಂತೆ. ಅಮೆರಿಕನ್ ಫುಟ್‌ಬಾಲ್ ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಇಷ್ಟು ಗೊತ್ತಾಗಿದೆ: ನೀನು ರನ್ನಿಂಗ್ ಬ್ಯಾಕ್, ಚೆಂಡು ನಿನ್ನ ಕೈಗೆ ಬರುತ್ತದೆ, ಎದುರಿನ ಹನ್ನೊಂದು ಜನ ನಿನ್ನನ್ನು ಕೆಡವಲು ನುಗ್ಗುತ್ತಾರೆ, ನೀನು ಬೀಳದೆ ಓಡಬೇಕು. ಇಷ್ಟು ತಿಳಿದರೆ ಒಬ್ಬ ಅಪ್ಪನಿಗೆ ಸಾಕು.

ಇನ್ನೊಂದು ವಿಷಯ. ನಮ್ಮ ವಿಭಾಗದ ಮುಖ್ಯಸ್ಥ ಈ ಹದಿಮೂರು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರನ್ನು ಪೂರ್ತಿ ಹೇಳಿದವನಲ್ಲ. ಕಳೆದ ವಾರ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದುಕೊಂಡು ಬಂದು ನನ್ನ ಎದುರಿಗೇ ಕೂತ. ಇಪ್ಪತ್ತೇಳನೇ ನಂಬರಿನ ಚೇತನ್ ನಿಮ್ಮ ಮಗನಾ ಎಂದು ಕೇಳಿದ. ಹೌದು ಎಂದೆ. ಅವನ ಮಗ ನಿನ್ನ ಅಂಗಿ ತೊಟ್ಟೇ ಮಲಗುತ್ತಾನಂತೆ. ಆ ದಿನ ಊಟಕ್ಕೆ ಏನಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಶೇಂಗಾ ಚಟ್ನಿಪುಡಿ ಕಳಿಸಿದ್ದೇವೆ. ನಿನ್ನ ಜರ್ಮನ್ ಗೆಳೆಯರಿಗೆ ಒಂದೇ ಸಲ ಚಮಚ ತುಂಬ ಕೊಡಬೇಡ, ಪಂದ್ಯಕ್ಕೆ ಆಳು ಕಡಿಮೆಯಾದಾರು.

ನಿನ್ನ ಹೆಸರಿನಿಂದ ಗುರುತು ಸಿಕ್ಕವನು,
ಅಪ್ಪ, ಅಡಿವೆಪ್ಪ

*

ಹ್ಯಾಂಬರ್ಗ್
2 ಜೂನ್ 2022

ಅಪ್ಪಾ, ನಮಸ್ಕಾರ.

ನನ್ನ ಒತ್ತಕ್ಷರ ನೋಡಿ ನಗಬೇಡಿ. ಒಂದು ಪುಟಕ್ಕೆ ಎರಡು ತಾಸು ಬೇಕಾಯಿತು. ನಿಮ್ಮ ಜರ್ಮನ್ ನೋಡಿ ನಾನು ಎಂದಾದರೂ ನಕ್ಕಿದ್ದೇನಾ? ಹತ್ತು ವರ್ಷದವನು ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ವಿದೇಶಿಯರ ಕಚೇರಿಗೆ, ನಿಮ್ಮ ಜೊತೆ ಬಂದು, ವೀಸಾದ ಮೇಡಂ ಕೇಳಿದ್ದನ್ನು ನಿಮಗೆ ಕನ್ನಡದಲ್ಲಿ, ನೀವು ಹೇಳಿದ್ದನ್ನು ಅವರಿಗೆ ಜರ್ಮನ್‌ನಲ್ಲಿ ಹೇಳಿ, ಕೊನೆಗೆ ಅವರ ಕೈಯಿಂದ ಚಾಕೊಲೇಟ್ ತೆಗೆದುಕೊಂಡು ಬಂದವನು ನಾನು. ಆಮೇಲೆ ಮನೆ ಮಾಲೀಕ, ಬ್ಯಾಂಕು, ಅವ್ವನ ಹಲ್ಲಿನ ಡಾಕ್ಟರು, ಎಲ್ಲ ಕಡೆ ನಿಮ್ಮ ಬಾಯಿ ನಾನೇ.

ಇಲ್ಲಿ ಎಲ್ಲ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಅಂದರೆ ಒಮ್ಮೊಮ್ಮೆ ಹೆದರಿಕೆ ಆಗುತ್ತದೆ. ಯು-ಬಾನ್ ರೈಲಿನಲ್ಲಿ ಜನ ಫೋಟೋ ಕೇಳುತ್ತಾರೆ. ಕೋಚ್ ಹೇಳುವುದು, ಈ ಸೀಸನ್ ಹೀಗೇ ಮುಗಿಸಿದರೆ ಮುಂದಿನ ವರ್ಷ ಅಮೆರಿಕದಲ್ಲಿ ಟ್ರಯಲ್ ಕೊಡಿಸಬಹುದು ಅಂತ. ಯಾರಿಗೂ ಹೇಳಬೇಡಿ. ನೀವು ಹೇಳೇ ಹೇಳುತ್ತೀರಿ, ಗೊತ್ತು.

ಅವ್ವ ತಲೆಯ ಬಗ್ಗೆ ಕೇಳಿದ್ದಳು. ಅದಕ್ಕೆ ವ್ಯವಸ್ಥೆ ಇದೆ ಅಂತ ಹೇಳಿ. ಸೀಸನ್ನಿನ ಮೊದಲು ಎಲ್ಲರಿಗೂ ಟೆಸ್ಟ್ ಇರುತ್ತದೆ. ಡಾಕ್ಟರ್ ರೈಮರ್ಸ್ ಐದು ಪದ ಹೇಳುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ನಾವು ಹೇಳಬೇಕು. ತಿಂಗಳುಗಳನ್ನು ಹಿಂದಿನಿಂದ ಹೇಳಬೇಕು. ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದರೆ ಅಲ್ಲೇ ಬೆಂಚಿನ ಮೇಲೆ ಮತ್ತೆ ಅದೇ ತರದ ಟೆಸ್ಟ್. ಹೇಳಲು ಬರದಿದ್ದರೆ ಆಟ ಬಂದ್, ವಾರಗಟ್ಟಲೆ ಬಂದ್. ಕೆಲವರು ಮೊದಲ ಟೆಸ್ಟಿನಲ್ಲಿ ಬೇಕಂತಲೇ ತಪ್ಪು ಹೇಳುತ್ತಾರೆ, ಆಮೇಲೆ ಪೆಟ್ಟು ಬಿದ್ದಾಗ ವ್ಯತ್ಯಾಸ ಕಾಣದಿರಲಿ ಅಂತ. ನಾನು ಹಾಗೆ ಮಾಡಲಿಲ್ಲ. ಐದಕ್ಕೆ ಐದು. ಡಾಕ್ಟರ್ ರೈಮರ್ಸ್ ಒಳ್ಳೆಯವರು, ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ, ಶನಿವಾರ ನಮಗಾಗಿ ಬರುತ್ತಾರೆ. ಅವರಿಗೆ ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ.

ಚಟ್ನಿಪುಡಿ ಮುಗಿಯಿತು.

ನಿಮ್ಮ ಚೇತನ

*

ಶ್ವೀಬರ್ಡಿಂಗೆನ್
19 ಸೆಪ್ಟೆಂಬರ್ 2022

ಚಿ. ಚೇತನನಿಗೆ.

ನಿನ್ನೆ ಸಂಜೆ ಮನೆ ಮುಟ್ಟಿದೆ. ರೈಲಿನಲ್ಲಿ ಐದೂವರೆ ತಾಸು ಕೂತಿದ್ದರೂ ಕಾಲು ಇನ್ನೂ ಮೈದಾನದ ಅಂಚಿನಲ್ಲೇ ನಿಂತ ಹಾಗಿದೆ. ಶನಿವಾರದ ಸೆಮಿಫೈನಲ್ ನಾನು ಬದುಕಿರುವಷ್ಟು ದಿನ ಮರೆಯುವುದಿಲ್ಲ. ಆಟಗಾರರ ತಂದೆಯರಿಗೆ ನೀರು ಕೊಡುವ ಕೆಲಸ ಹಚ್ಚಿ, ಹಳದಿ ಜಾಕೀಟು ತೊಡಿಸಿ ಬೆಂಚಿನ ಹತ್ತಿರವೇ ನಿಲ್ಲಿಸಿದರಲ್ಲ, ಐವತ್ತೆರಡನೇ ವಯಸ್ಸಿಗೆ ನನಗೂ ಒಂದು ತಂಡ ಸಿಕ್ಕಿತು.

ಎರಡನೆಯ ಕ್ವಾರ್ಟರಿನಲ್ಲಿ ನಿನಗೆ ಆ ಪೆಟ್ಟು ಬಿದ್ದಾಗ ನನ್ನ ಕೈಯಲ್ಲಿದ್ದ ಬಾಟಲಿ ಬಿದ್ದುಹೋಯಿತು. ಡಾಕ್ಟರ್ ರೈಮರ್ಸ್ ನಿನ್ನನ್ನು ಬೆಂಚಿಗೆ ಕರೆತಂದು ಪದ ಕೇಳಿದರು. ನೀನು ನನ್ನನ್ನು ನೋಡಿದೆ, ನೋಡಿದವನೇ ಕನ್ನಡಕ್ಕೆ ಇಳಿದೆ. ಅವರು ಜರ್ಮನ್‌ನಲ್ಲಿ ಹೇಳು ಎಂದರೂ ಕನ್ನಡವೇ. ಕೊನೆಗೆ ಅವರು, ಇವನೇನು ಹೇಳುತ್ತಿದ್ದಾನೆ ಎಂದು ನನ್ನನ್ನು ಕೇಳಿದರು. ಆ ಹೊತ್ತಿನಲ್ಲಿ ಏನು ಹೇಳಬೇಕೋ ಅದನ್ನು ಹೇಳಿದೆ. ನಿನ್ನ ಒಳ್ಳೆಯದಕ್ಕೇ ಹೇಳಿದೆ. ಅದು ನಮ್ಮಿಬ್ಬರಲ್ಲೇ ಇರಲಿ. ಅವ್ವನಿಗೂ ಬೇಡ.

ಆಮೇಲೆ ಆದದ್ದನ್ನು ಊರೆಲ್ಲ ನೋಡಿತು. ಮತ್ತೆ ಒಳಗೆ ಹೋದೆ, ನಲವತ್ತು ಗಜ ಓಡಿದೆ, ಗೆದ್ದೆವು. ಕೊನೆಯ ನಿಮಿಷದಲ್ಲಿ ಎರಡನೆಯ ಸಲ ಬಿದ್ದಾಗ ನೀನು ಏಳಲು ಸ್ವಲ್ಪ ತಡಮಾಡಿದೆ, ಹೆಲ್ಮೆಟ್ ತೆಗೆದು ವಾಂತಿ ಮಾಡಿಕೊಂಡೆ. ಖುಷಿಗೆ ಹಾಗಾಗುತ್ತದೆ ಎಂದು ಪಕ್ಕದವರು ಹೇಳಿದರು. ನಾನೂ ಹಾಗೇ ಅಂದುಕೊಂಡೆ.

ಪತ್ರಿಕೆಯ ಫೋಟೋ ಕತ್ತರಿಸಿ ಇಟ್ಟಿದ್ದೇನೆ. ಫೈನಲ್ಲಿಗೆ ಚೆನ್ನಾಗಿ ನಿದ್ದೆ ಮಾಡಿ ಹೋಗು.

ಅಪ್ಪ

*

ಹ್ಯಾಂಬರ್ಗ್
9 ಅಕ್ಟೋಬರ್ 2022

ಅಪ್ಪಾ,

ಫೈನಲ್ ಸೋತದ್ದು ನೋಡಿದ್ದೀರಿ. ಅದರ ಬಗ್ಗೆ ಬರೆಯುವುದಿಲ್ಲ. ಲೈಟ್ ಕಣ್ಣಿಗೆ ಚುಚ್ಚುತ್ತಿತ್ತು, ಚೆಂಡು ಎರಡಾಗಿ ಕಾಣುತ್ತಿತ್ತು. ಯಾರಿಗೂ ಹೇಳಲಿಲ್ಲ.

ನೀವು ಡಾಕ್ಟರ್ ರೈಮರ್ಸ್‌ಗೆ ಏನು ಹೇಳಿದಿರಿ? ಕಾಗದ ಓದಿದ ಮೇಲೆ ಬಹಳ ಯೋಚನೆ ಮಾಡಿದೆ. ಸೆಮಿಫೈನಲ್ಲಿನ ದಿನ ನನಗೆ ಬೆಳಗಿನ ಬಸ್ ನೆನಪಿದೆ. ಆಮೇಲೆ ಶವರ್ ನೆನಪಿದೆ, ಯಾರೋ ಬೆನ್ನು ತಟ್ಟಿದ್ದು ನೆನಪಿದೆ. ನಡುವೆ ಏನೂ ಇಲ್ಲ. ನೀವು ಬೆಂಚಿನ ಹತ್ತಿರ ಇದ್ದಿರಿ ಅನ್ನುವುದೂ ನಿಮ್ಮ ಕಾಗದದಿಂದಲೇ ಗೊತ್ತಾಯಿತು. ವಿಡಿಯೋದಲ್ಲಿ ಯಾರೋ ನನ್ನ ಅಂಗಿ ಹಾಕಿಕೊಂಡು ಓಡುತ್ತಿದ್ದಾನೆ.

ನಾನು ಏನಾದರೂ ಹುಚ್ಚುಹುಚ್ಚಾಗಿ ಮಾತಾಡಿದೆನಾ?

ಚೇತನ

*

ಶ್ವೀಬರ್ಡಿಂಗೆನ್
15 ಅಕ್ಟೋಬರ್ 2022

ಚಿ. ಚೇತನನಿಗೆ.

ವಿಶೇಷ ಏನೂ ಇಲ್ಲಪ್ಪ. ನೀನು ಸರಿಯಾಗಿಯೇ ಮಾತಾಡಿದೆ. ನಾನು ಧೈರ್ಯವಾಗಿರು ಎಂದೆ, ಅಷ್ಟೇ. ಅಪ್ಪ ಮಗ ಏನು ಮಾತಾಡಿಕೊಂಡರು ಎಂದು ಡಾಕ್ಟರಮ್ಮ ಕೇಳಿದರು, ಹೇಳಿದೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಈ ಸಲದ ರಾಜ್ಯೋತ್ಸವದಲ್ಲಿ ನಿನಗೆ ಸನ್ಮಾನ. ಡ್ಯೂಸೆಲ್ಡಾರ್ಫಿನಿಂದ ಶ್ಯಾಮಸುಂದರ ಅವರು ಬಂದು ಶಾಲು ಹೊದಿಸುತ್ತಾರೆ. ನಲವತ್ತು ವರ್ಷದಿಂದ ಇಲ್ಲಿರುವ ವಿಜ್ಞಾನಿ, ದೊಡ್ಡ ಮನುಷ್ಯ. ನಿನ್ನ ಜೊತೆ ನಮ್ಮಿಬ್ಬರನ್ನೂ ವೇದಿಕೆಗೆ ಕರೆಯುತ್ತಾರಂತೆ. ಕೋಟು ಹಾಕಿಕೊಂಡು ಬಾ.

ಅಪ್ಪ

ಚೇತ್ಯಾ, ಕಣ್ಣಿಗೆ ಲೈಟ್ ಚುಚ್ಚತೈತಿ ಅಂತ ಬರದಿದ್ದಿ. ನಿಮ್ಮಪ್ಪ ಅದನ್ನ ಓದದೆ ಮುಂದ ಹಾರಿದ್ರು, ನಾ ಆಮೇಲೆ ನೋಡಿದೆ. ಡಾಕ್ಟರಿಗೆ ತೋರಿಸ್ಕೊ. ಶಾಲು ಎಲ್ಲಿ ಓಡಿ ಹೋಗೂದಿಲ್ಲ. — ಅವ್ವ

*

ಹ್ಯಾಂಬರ್ಗ್
11 ಜೂನ್ 2023

ಅಪ್ಪಾ,

ಎಂಟು ತಿಂಗಳಾಯಿತು, ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡಿ. ಗೆರೆ ಇಲ್ಲದ ಹಾಳೆಯಲ್ಲಿ ಅಕ್ಷರ ನಡೆದಾಡುತ್ತವೆ, ಅದಕ್ಕೆ ಗೆರೆಯ ಹಾಳೆ ತಂದೆ.

ನಾನು ಈಗ ಬೆಂಚಿನಲ್ಲಿದ್ದೇನೆ. ಕೋಚ್ ಪ್ಲೇ ಕೂಗಿದರೆ, ಅಂದರೆ ಯಾವ ಕಡೆ ಓಡಬೇಕು ಅಂತ ಹೇಳಿದರೆ, ನನಗೆ ಮಾತು ಕೇಳುತ್ತದೆ, ಅರ್ಥ ಹಿಂದಿನಿಂದ ಬರುತ್ತದೆ. ಅಷ್ಟರಲ್ಲಿ ಚೆಂಡು ಬಂದಿರುತ್ತದೆ. ಕಳೆದ ಪಂದ್ಯದಲ್ಲಿ ಮೂರು ಸಲ ಕೈಬಿಟ್ಟೆ. ಹೋದ ವರ್ಷ ನನ್ನ ಹೆಸರು ಕೂಗಿದವರೇ ಸಿಳ್ಳೆ ಹೊಡೆದರು. ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬ ಜೋರಾಗಿ ಹಾಡು ಹಾಕಿದ ಅಂತ ಅವನ ಸ್ಪೀಕರ್ ಒಡೆದುಹಾಕಿದೆ. ತಲೆನೋವಿನ ಗುಳಿಗೆ ಮೊದಲು ದಿನಕ್ಕೆ ಒಂದು ಇತ್ತು. ಈಗ ಎಷ್ಟು ಅಂತ ಬರೆಯುವುದಿಲ್ಲ.

ಇಲ್ಲಿಯ ಬೇರೊಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಹಳೆಯ ರೆಕಾರ್ಡ್ ತೆಗೆದು ನೋಡಿದರು. ಸೆಮಿಫೈನಲ್ಲಿನ ಟೆಸ್ಟ್ ಪೂರ್ತಿ ಪಾಸ್, ಹಾಗಾಗಿ ತಲೆಗೆ ಏನೂ ಆಗಿಲ್ಲ, ಸ್ಟ್ರೆಸ್ ಇರಬೇಕು ಅಂದರು.

ನೀವು ಪಂದ್ಯಕ್ಕೆ ಬರುವುದು ನಿಲ್ಲಿಸಿದ್ದು ಒಳ್ಳೆಯದಾಯಿತು.

ಚೇತನ

*

ಶ್ವೀಬರ್ಡಿಂಗೆನ್
28 ಆಗಸ್ಟ್ 2023

ಚೇತನನಿಗೆ.

ಪತ್ರಿಕೆಯಲ್ಲಿ ಬಂದದ್ದನ್ನು ನಮ್ಮ ವಿಭಾಗದ ಮುಖ್ಯಸ್ಥ ನನಗೆ ತೋರಿಸಿದ. ತೋರಿಸಿ ಬೇರೆ ಟೇಬಲಿಗೆ ಹೋಗಿ ಕೂತ. ಎಸ್-ಬಾನ್ ರೈಲಿನಲ್ಲಿ ಟಿಕೆಟ್ ಕೇಳಿದವನ ಹಲ್ಲು ಮುರಿಯುವಷ್ಟು ಹೊಡೆದೆಯಂತೆ. ಗುಳಿಗೆಯ ಅಮಲಿನಲ್ಲಿದ್ದೆಯಂತೆ. ಪೊಲೀಸರು ಕೈ ಹಿಂದಕ್ಕೆ ಕಟ್ಟಿ ಒಯ್ದರಂತೆ. ಕ್ಲಬ್ಬು ಅದೇ ವಾರ ನಿನ್ನನ್ನು ಕೈಬಿಟ್ಟಿತಂತೆ. ಇದೆಲ್ಲವನ್ನೂ ನಾನು ಊರವರ ಬಾಯಿಂದ ತಿಳಿಯಬೇಕಾಯಿತು.

ನಮ್ಮ ಮನೆತನದಲ್ಲಿ ಯಾರೂ ಇನ್ನೊಬ್ಬರ ಮೇಲೆ ಕೈ ಎತ್ತಿದವರಲ್ಲ. ಬಡತನ ಕಂಡಿದ್ದೇವೆ, ಮಾನ ಬಿಟ್ಟಿಲ್ಲ. ನಿನಗೆ ಏನು ಕಡಿಮೆ ಮಾಡಿದ್ದೆವು? ಯಶಸ್ಸನ್ನು ಅರಗಿಸಿಕೊಳ್ಳುವ ಯೋಗ್ಯತೆ ಎಲ್ಲರಿಗೂ ಇರುವುದಿಲ್ಲ ಎಂದು ಜನ ಆಡುವುದನ್ನು ಕೇಳಿದ್ದೆ, ನನ್ನ ಮಗನ ಬಗ್ಗೆ ಕೇಳುತ್ತೇನೆ ಎಂದುಕೊಂಡಿರಲಿಲ್ಲ. ನಿನ್ನವ್ವ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ.

ಈ ಸಲ ಗಣೇಶನ ಹಬ್ಬಕ್ಕೆ ಮನೆಗೆ ನಾಲ್ಕು ಜನ ಬರುವವರಿದ್ದಾರೆ. ನೀನು ಬರದಿದ್ದರೇ ಒಳ್ಳೆಯದು. ಆಮೇಲೆ ನೋಡೋಣ.

ಅಡಿವೆಪ್ಪ

*

ಹ್ಯಾಂಬರ್ಗ್
12 ನವೆಂಬರ್ 2023

ಅಪ್ಪಾ,

ಕ್ಲಿನಿಕ್ಕಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಫೋನಿನ ಸ್ಕ್ರೀನ್ ದಿನಕ್ಕೆ ಅರ್ಧ ಗಂಟೆ ಮಾತ್ರ. ಪೆನ್ನು ಎಷ್ಟು ಹೊತ್ತಾದರೂ ಹಿಡಿಯಬಹುದು. ಇವತ್ತು ದೀಪಾವಳಿ ಅಂತ ಅವ್ವ ಹೇಳಿದಳು.

ನಿನ್ನೆ ಶ್ಯಾಮಸುಂದರ ಅಂಕಲ್ ಫೋನ್ ಮಾಡಿದ್ದರು. ಅಮೆರಿಕದಲ್ಲಿ ಈಗ ಸಮಯ ಎಷ್ಟು, ನಿದ್ದೆಗೆಡಿಸಿದೆನಾ ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ನಾನು ಹ್ಯಾಂಬರ್ಗಿನಲ್ಲೇ ಇದ್ದೇನೆ ಅಂದೆ. ಅವರು, ಪರವಾಗಿಲ್ಲಪ್ಪ, ಆರೋಗ್ಯ ನೋಡಿಕೋ ಅಂದರು. ಆಗ ಗೊತ್ತಾಯಿತು. ನಾನು ಅಮೆರಿಕಕ್ಕೆ ತರಬೇತಿಗೆ ಹೋಗಿದ್ದೇನೆ ಅಂತ ನೀವು ಎಲ್ಲರಿಗೂ ಹೇಳಿದ್ದೀರಿ. ನನ್ನನ್ನು ಮುಚ್ಚಿಡುವಷ್ಟು ನಾಚಿಕೆ ನಿಮಗೆ. ಇರಲಿ. ನನಗೂ ನಾಚಿಕೆಯೇ.

ಇಲ್ಲಿಯ ದೊಡ್ಡ ಡಾಕ್ಟರು ಬಹಳ ಟೆಸ್ಟ್ ಮಾಡಿದರು. ನನ್ನ ಲಕ್ಷಣಗಳಿಗೂ ಹಳೆಯ ರೆಕಾರ್ಡಿಗೂ ತಾಳೆಯಾಗುತ್ತಿಲ್ಲ ಅನ್ನುತ್ತಾರೆ. ಪೆಟ್ಟು ಬಿದ್ದ ತಲೆಯಿಂದಲೇ ಮತ್ತೆ ಆಡಿ, ಅದರ ಮೇಲೆ ಇನ್ನೊಂದು ಪೆಟ್ಟು ಬಿದ್ದರೆ ಮಾತ್ರ ಹೀಗಾಗುತ್ತದಂತೆ. ಆದರೆ ರೆಕಾರ್ಡಿನಲ್ಲಿ ಐದಕ್ಕೆ ಐದು ಅಂತ ಇದೆ. ಡಾಕ್ಟರ್ ರೈಮರ್ಸ್ ಅವರನ್ನು ಕ್ಲಬ್ ತೆಗೆದುಹಾಕಿದೆ, ಪೆಟ್ಟು ಬಿದ್ದವನನ್ನು ಆಡಲು ಬಿಟ್ಟದ್ದು ಅಜಾಗರೂಕತೆ ಅಂತ. ಅವರೂ ಅದನ್ನೇ ಹೇಳುತ್ತಿದ್ದಾರಂತೆ, ಐದೂ ಪದ ಹೇಳಿದ ಅಂತ.

ಅಪ್ಪಾ, ಪೆಟ್ಟಿನಿಂದ ಹೀಗಾಯಿತು ಅಂತ ಗೊತ್ತಾದರೆ ನಾನು ಹೇಗಾದರೂ ಬದುಕುತ್ತೇನೆ. ಇಲ್ಲದಿದ್ದರೆ, ಪಾಪ ಆ ಟಿಕೆಟ್ಟಿನವನ ಹಲ್ಲು ಮುರಿದವನು ಸುಮ್ಮನೆ ನಾನೇ. ನನ್ನ ಸ್ವಭಾವವೇ ಅದು. ಕನ್ನಡಿಯಲ್ಲಿ ನೋಡಿಕೊಂಡರೆ ಹೇಸಿಗೆಯಾಗುತ್ತದೆ.

ನೀವು ಅಲ್ಲೇ ಇದ್ದಿರಿ. ಆ ಹೊತ್ತು ನಾನು ಸರಿಯಾಗಿದ್ದೆನಾ? ಇದೊಂದಕ್ಕೆ ಉತ್ತರ ಬರೆಯಿರಿ.

ಚೇತನ

*

ಶ್ವೀಬರ್ಡಿಂಗೆನ್
26 ನವೆಂಬರ್ 2023

ಚಿ. ಚೇತನನಿಗೆ.

ಜೋಳದ ರೊಟ್ಟಿ, ಅಗಸಿ ಚಟ್ನಿ, ಎರಡು ಉಣ್ಣೆ ಬನಿಯನ್ ಕಳಿಸಿದ್ದೇವೆ. ರೊಟ್ಟಿ ಒಣಗಿಸಿ ಕಟಕಲು ಮಾಡಿದ್ದು, ತಿಂಗಳು ಇಟ್ಟರೂ ಕೆಡುವುದಿಲ್ಲ. ಇಲ್ಲಿ ಚಳಿ ಶುರುವಾಗಿದೆ. ಡಾಕ್ಟರು ಹೇಳಿದ ಹಾಗೆ ಕೇಳು. ಉಳಿದದ್ದನ್ನು ಇನ್ನೊಮ್ಮೆ ಬರೆಯುತ್ತೇನೆ.

ಅಪ್ಪ

*

ಶ್ವೀಬರ್ಡಿಂಗೆನ್
7 ಜನವರಿ 2024

ಚೇತನ,

ನಿನ್ನವ್ವ ಹೊಸ ವರ್ಷಕ್ಕೆ ನಿನ್ನ ಹತ್ತಿರ ಇದ್ದು ಬಂದಳು. ಬಂದವಳು ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತು ಹೇಳಿದಳು. ನೀನು ಡಾಕ್ಟರ್ ರೈಮರ್ಸ್ ಅವರಿಗೆ ಕ್ಷಮೆ ಕೇಳಿ ಕಾಗದ ಬರೆದೆಯಂತೆ. "ನನಗೆ ನೆನಪಿಲ್ಲ, ಆದರೆ ನಾನೇ ಹೇಗೋ ನಿಮಗೆ ಮೋಸ ಮಾಡಿರಬೇಕು, ನನ್ನಿಂದ ನಿಮ್ಮ ಹೆಸರು ಕೆಟ್ಟಿತು," ಎಂದು. ಹೇಳಿ ಮುಗಿಸಿ ಸೌಭಾಗ್ಯ ನನ್ನ ಮುಖ ನೋಡಿದಳು. "ಅಂವಾ ಯಾರಿಗೂ ಮೋಸ ಮಾಡೂ ಹುಡುಗ ಅಲ್ಲರಿ. ನೀವ ಅಲ್ಲಿ ಇದ್ರಿ. ಏನಾತು ಹೇಳ್ರಿ," ಎಂದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಐವತ್ಮೂರು ವರ್ಷದ ಗಂಡಸು, ಹೆಂಡತಿಗೆ ಹೆದರಿ ನಲ್ಲಿ ಬಿಟ್ಟು ನಿಂತೆ.

ಈಗ ಬರೆಯುತ್ತೇನೆ. ಡಾಕ್ಟರ್ ರೈಮರ್ಸ್ ನಿನಗೆ ಹೇಳಿದ ಐದು ಪದ ಇವು: ಕನ್ನಡಿ, ನಿಂಬೆಹಣ್ಣು, ಕುರ್ಚಿ, ಸೇತುವೆ, ಕಂಬಳಿ. ಜರ್ಮನ್ ತರಗತಿಯ ಮೊದಲ ತಿಂಗಳಲ್ಲಿ ಕಲಿಯುವ ಪದಗಳು, ನನಗೂ ಅರ್ಥವಾದವು. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು. ನೀನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಏನೋ ಅಂದೆ. ಅದು ಆ ಪದಗಳಲ್ಲ. ಐದರಲ್ಲಿ ಒಂದೂ ಅಲ್ಲ. ಅವರು ಏನು ಹೇಳುತ್ತಿದ್ದಾನೆ ಎಂದು ನನ್ನನ್ನು ಕೇಳಿದರು. ಮನೆಯಲ್ಲಿ ಎಲ್ಲ ಕನ್ನಡವೇ, ನೆನಪಿಡುವುದೂ ಕನ್ನಡದಲ್ಲೇ, ಅದಕ್ಕೇ ಹಾಗೆ ಹೇಳುತ್ತಿದ್ದಾನೆ ಎಂದೆ. ಆಮೇಲೆ ಆ ಐದು ಪದಗಳನ್ನು ನೀನೇ ಹೇಳಿದೆ ಎಂಬಂತೆ ಒಂದೊಂದಾಗಿ ಅವರಿಗೆ ಜರ್ಮನ್‌ನಲ್ಲಿ ಹೇಳಿದೆ. ತಿಂಗಳುಗಳನ್ನು ಹಿಂದಿನಿಂದ ಹೇಳು ಎಂದರು. ನೀನು ಸುಮ್ಮನೆ ಗೊಣಗುತ್ತಿದ್ದೆ. ನಾನು ಡಿಸೆಂಬರಿನಿಂದ ಶುರುಮಾಡಿ ಜನವರಿಯವರೆಗೂ ಬಂದೆ, ನಿನ್ನ ತುಟಿ ಆಡಿದಾಗ ಆಡುತ್ತ, ನಿಂತಾಗ ನಿಲ್ಲುತ್ತ. ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಒಮ್ಮೆ ನೋಡಿದರು. ನಾನು ನೋಟ ತಪ್ಪಿಸಲಿಲ್ಲ. ಕೋಚ್ ಕೂಗುತ್ತಿದ್ದ. ಒಬ್ಬ ತಂದೆ ಇದರಲ್ಲಿ ಸುಳ್ಳು ಹೇಳುತ್ತಾನೆ ಎಂದು ಅವರಿಗೆ ಅನ್ನಿಸಲಿಲ್ಲ.

ನಾನು ದಿನವೂ ಮಾಡುವ ಕೆಲಸ ಏನು ಗೊತ್ತಲ್ಲ? ಬ್ರೇಕಿನ ಸೆನ್ಸರ್ ಟೆಸ್ಟ್ ಮಾಡುವುದು. ಹದಿನೈದು ವರ್ಷದಲ್ಲಿ ಒಂದೇ ಒಂದು ಫೇಲಾದ ಬಿಡಿಭಾಗಕ್ಕೆ ಪಾಸ್ ಎಂದು ಸಹಿ ಹಾಕಿಲ್ಲ. ಸಾಗಿಸುವ ಅವಸರದಲ್ಲಿ ಮೇಲಿನವರು ಒತ್ತಾಯ ಮಾಡಿದಾಗಲೂ ಹಾಕಿಲ್ಲ. ಗುರುತಿಲ್ಲದ ಯಾರದೋ ಕಾರಿಗೆ ಇಷ್ಟು ನಿಯತ್ತು ಇತ್ತು ನನಗೆ.

ನಿನ್ನ ಒಳ್ಳೆಯದಕ್ಕೆ ಎಂದು ಅವತ್ತು ಬರೆದೆ. ಸುಳ್ಳು. ಸೋಮವಾರ ಕ್ಯಾಂಟೀನಿನಲ್ಲಿ ಆ ಮನುಷ್ಯ ಮತ್ತೆ ನನ್ನ ಎದುರಿಗೆ ಬಂದು ಕೂರಬೇಕು ಎಂದು ಮಾಡಿದೆ. ನಿನಗೆ ಪೆಟ್ಟಾಗಿದೆ ಎಂದು ನನಗೆ ಗೊತ್ತಿತ್ತು. ನೆನಪಿಲ್ಲ ಎಂದು ನೀನು ಬರೆದಾಗ ನನಗೆ ಮೊದಲು ಆದದ್ದು ಸಮಾಧಾನ, ಇದನ್ನೂ ಬರೆಯುತ್ತೇನೆ. ಎಲ್ಲ ಗೊತ್ತಿದ್ದೂ ಆಗಸ್ಟಿನಲ್ಲಿ ಮನೆತನ, ಮಾನ, ಯೋಗ್ಯತೆ ಎಂದು ನಿನಗೆ ಬುದ್ಧಿ ಹೇಳಿದೆ. ಹಬ್ಬಕ್ಕೆ ಬರಬೇಡ ಎಂದೆ. ಆ ಕಾಗದ ಇದ್ದರೆ ಹರಿದುಹಾಕು. ಬೇಡ, ಇಟ್ಟುಕೋ.

ನೀನು ಕೇಳಿದ್ದಕ್ಕೆ ಉತ್ತರ: ಆ ಹೊತ್ತು ನೀನು ಸರಿಯಾಗಿರಲಿಲ್ಲ. ನೀನು ಯಾರಿಗೂ ಮೋಸ ಮಾಡಲಿಲ್ಲ. ನಿನ್ನ ಸ್ವಭಾವ ಕೆಟ್ಟದ್ದಲ್ಲ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ ನನಗೆ. ಸೌಭಾಗ್ಯಳಿಗೆ ಈ ಕಾಗದ ಓದಿಸಿಯೇ ಕಳಿಸುತ್ತಿದ್ದೇನೆ. ಓದಿ, ಅಂಚೆಚೀಟಿ ಅವಳೇ ಹಚ್ಚಿದಳು.

ಅಪ್ಪ

*

ಹ್ಯಾಂಬರ್ಗ್
21 ಜನವರಿ 2024

ಅಪ್ಪಾ,

ನಿಮ್ಮ ಕಾಗದ ಓದಲು ನಾಲ್ಕು ದಿನ ತೆಗೆದುಕೊಂಡೆ. ದಿನಕ್ಕೆ ಒಂದು ಪುಟಕ್ಕಿಂತ ಹೆಚ್ಚಾದರೆ ತಲೆ ಸಿಡಿಯುತ್ತದೆ. ಹಾಗಾಗಿ ಮೊದಲ ದಿನ ನೀವು ನಲ್ಲಿ ಬಿಟ್ಟು ನಿಂತಲ್ಲಿಗೆ ನಿಲ್ಲಿಸಿದೆ. ಮಾರನೇ ದಿನದವರೆಗೂ ಏನು ಬರೆದಿದ್ದೀರಿ ಅಂತ ಗೊತ್ತಿರಲಿಲ್ಲ, ಆದರೂ ಗೊತ್ತಿತ್ತು.

ಓದುತ್ತ ಅಳುತ್ತಿದ್ದಾಗ ದೊಡ್ಡ ಡಾಕ್ಟರು ಒಳಗೆ ಬಂದರು. ಹಾಳೆ ನೋಡಿ, ಯಾರದು, ಏನು ಬರೆದಿದೆ ಅಂತ ಕೇಳಿದರು. ನಾನು, ಅವ್ವ ಅಡುಗೆ ಮಾಡುವುದು ಹೇಗೆ ಅಂತ ಬರೆದು ಕಳಿಸಿದ್ದಾಳೆ ಅಂದೆ. ನನಗೆ ಗೊತ್ತಿಲ್ಲದೇ ಬಾಯಿಂದ ಬಂತು. ಅವರು ನಕ್ಕು ಹೋದರು. ಆಮೇಲೆ ನನಗೆ ಬಂದ ಕೋಪ ಎಂಥದ್ದು ಅಂದರೆ ಹಾಸಿಗೆಯ ಕಬ್ಬಿಣ ಹಿಡಿದು ಕೂತೆ.

ನೀವು ಇದನ್ನೂ ಕನ್ನಡದಲ್ಲೇ ಬರೆದಿದ್ದೀರಿ. ಈ ಕಟ್ಟಡದಲ್ಲಿ ಇದನ್ನು ಓದಬಲ್ಲವನು ನಾನೊಬ್ಬನೇ. ಆ ಬೆಂಚಿನ ಮೇಲೂ ಹಾಗೇ ಇತ್ತಲ್ಲ? ಯಾರಿಗೂ ತಿಳಿಯುವುದಿಲ್ಲ ಅಂತ ನಿಮಗೆ ಧೈರ್ಯ ಇತ್ತು. ಈಗ ನಾನು ಈ ಕಾಗದ ಹಿಡಿದುಕೊಂಡು ಹೋಗಿ ಎಲ್ಲರಿಗೂ ಜರ್ಮನ್‌ನಲ್ಲಿ ಹೇಳಬೇಕು. ನನ್ನಪ್ಪ ಹೀಗೆ ಮಾಡಿದರು ಅಂತ ನನ್ನ ಬಾಯಿಂದಲೇ ಹೇಳಬೇಕು. ಹತ್ತು ವರ್ಷದವನಿದ್ದಾಗಿನಿಂದ ನಿಮ್ಮ ಮಾತು ನಾನು ಹೇಳಿದ್ದೇನೆ. ಇದನ್ನು ಹೇಳುವುದಿಲ್ಲ.

ಡಾಕ್ಟರ್ ರೈಮರ್ಸ್ ಅವರಿಗೆ ನೀವೇ ಜರ್ಮನ್‌ನಲ್ಲಿ ಬರೆಯಿರಿ. ಬೇರೆಯವರ ಕೈಯಲ್ಲಿ ಬರೆಸಬೇಡಿ. ಸಹಿ ಹಾಕಿ. ಒಂದು ಪ್ರತಿ ಇಲ್ಲಿಯ ಡಾಕ್ಟರಿಗೆ, ಒಂದು ಕ್ಲಬ್ಬಿಗೆ.

ಇನ್ನೊಂದು. ನೀವು ಏನು ಹೇಳಿದಿರಿ ಅಂತ ಬರೆದಿದ್ದೀರಿ. ನಾನು ಏನು ಹೇಳಿದೆ ಅಂತ ಬರೆದಿಲ್ಲ. "ಏನೋ ಅಂದೆ" ಅಂತ ಬರೆದು ಮುಂದೆ ಹೋಗಿದ್ದೀರಿ. ಅದು ನನ್ನ ಮಾತು. ನನಗೆ ಬೇಕು.

ಅಲ್ಲಿಯವರೆಗೆ ಅವ್ವ ಬರಲಿ. ನೀವು ಬರಬೇಡಿ.

ಚೇತನ

*

ಶ್ವೀಬರ್ಡಿಂಗೆನ್
4 ಫೆಬ್ರುವರಿ 2024

ಚಿ. ಚೇತನನಿಗೆ.

ಮೂರೂ ಪ್ರತಿಗಳನ್ನು ನಿನ್ನೆ ಅಂಚೆ ಕಚೇರಿಗೆ ನಾನೇ ಹೋಗಿ ರಿಜಿಸ್ಟರ್ ಮಾಡಿಸಿದೆ. ನೀನು ಹೇಳಿದ ಹಾಗೆ ಯಾರ ಕೈಯಲ್ಲೂ ತಿದ್ದಿಸಿಲ್ಲ. ಒಂದು ವಾರ ಹಿಡಿಯಿತು. ಕನ್ನಡದಲ್ಲಿ ನಿನಗೆ ನಾಲ್ಕು ಪುಟ ಬರೆದೆನಲ್ಲ, ಅದರಲ್ಲಿ ಕ್ಯಾಂಟೀನು, ಸೆನ್ಸರು, ನಲ್ಲಿ, ಎಲ್ಲ ಬಂತು. ನನ್ನ ಜರ್ಮನ್‌ನಲ್ಲಿ ಅವಕ್ಕೆಲ್ಲ ಜಾಗವಿಲ್ಲ. ನನಗೆ ಬರುವುದು ಸಣ್ಣಸಣ್ಣ ವಾಕ್ಯ. ಬರೆದು ಮುಗಿಸಿ ನೋಡಿದರೆ ಅರ್ಧ ಪುಟವೂ ಆಗಿರಲಿಲ್ಲ.

ನೀನು ಕೇಳಿದ್ದು ಅದರ ಕೊನೆಯಲ್ಲಿದೆ. ಹೋದ ಕಾಗದದಲ್ಲಿ ನಿನಗೇ ಬರೆಯಲು ನನ್ನಿಂದ ಆಗಲಿಲ್ಲ. ಆ ಕಾಗದವನ್ನು ಜರ್ಮನ್‌ನಿಂದ ಕನ್ನಡಕ್ಕೆ ಹಾಗೆಯೇ ಇಳಿಸಿ ಕೆಳಗೆ ಬರೆದಿದ್ದೇನೆ, ನಿನ್ನ ಮಾತನ್ನು ಮಾತ್ರ ನೀನು ಆಡಿದ ಹಾಗೆ ಇಟ್ಟಿದ್ದೇನೆ. ಬಾ ಎಂದಾಗ ಬರುತ್ತೇನೆ.

ಅಪ್ಪ

"ಮಾನ್ಯ ಡಾಕ್ಟರ್ ರೈಮರ್ಸ್ ಅವರಿಗೆ.

ನಾನು ಚೇತನಕುಮಾರನ ತಂದೆ. 17 ಸೆಪ್ಟೆಂಬರ್ 2022ರಂದು ನೀವು ನನ್ನ ಮಗನಿಗೆ ಐದು ಪದ ಹೇಳಿದಿರಿ. ನನ್ನ ಮಗನಿಗೆ ಅವು ನೆನಪಿರಲಿಲ್ಲ. ಅವನು ಕನ್ನಡದಲ್ಲಿ ಮಾತಾಡಿದ. ನೀವು ನನ್ನನ್ನು ಕೇಳಿದಿರಿ. ನಾನು ಸುಳ್ಳು ಹೇಳಿದೆ. ಐದು ಪದಗಳನ್ನು ನಾನು ಹೇಳಿದೆ. ತಿಂಗಳುಗಳನ್ನೂ ನಾನು ಹೇಳಿದೆ. ಅವನಿಗೆ ಪೆಟ್ಟಾಗಿದೆ ಎಂದು ನನಗೆ ಗೊತ್ತಿತ್ತು. ಅವನು ಆಡಬೇಕು ಎಂದು ನನಗೆ ಆಸೆ ಇತ್ತು. ತಪ್ಪು ನಿಮ್ಮದಲ್ಲ. ತಪ್ಪು ಅವನದಲ್ಲ. ನನಗೆ ನಾಚಿಕೆಯಾಗುತ್ತದೆ.

ನೀವು ಕೇಳಿದಾಗ ನನ್ನ ಮಗ ಹೇಳಿದ್ದು ಇದು:

ಅಪ್ಪಾ, ಸಾಲಿ ಬಿಟ್ಟೈತಿ. ಮನೀಗೆ ಹೋಗೂಣ ನಡೀರಿ.

ಅಡಿವೆಪ್ಪ"